ಮೈಸೂರನ್ನು ಈಗಲೂ ರಾಜಧಾನಿ ಎನ್ನುವುದೇಕೆ? ವಾಸಕ್ಕೆ ಅದು ಎಂಥ ಊರು?

ವರ್ಗಾವಣೆಯ ಮೇಲೆ ಮೈಸೂರಿಗೆ ಬರಲಿದ್ದೀರಿ. ‘ಸಾಂಸ್ಕೃತಿಕ ರಾಜಧಾನಿ’ ಎಂಬ ಹೊಗಳಿಕೆಯನ್ನೂ ‘ನಿವೃತ್ತರ ಊರು’ ಎಂಬ ಕೊಂಕನ್ನೂ ಕೇಳಿ, ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ನಾನು ಕೃಷ್ಣರಾಜ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವನು. ನಮ್ಮಜ್ಜಿ ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುತ್ತಿದ್ದರು. ಊರನ್ನು ಅರಮನೆಯ ಬಾಗಿಲಿನಿಂದಲ್ಲ, ಹೂವಿನ ಸಾಲಿನಲ್ಲಿ ಕುಳಿತು ನೋಡಿದವನ ಉತ್ತರ ಇದು.

ಮೊದಲು ಒಂದು ಲೆಕ್ಕ. ಇಡೀ ಸಂಸ್ಥಾನಕ್ಕೆ ತನ್ನ ಹೆಸರು ಕೊಟ್ಟ ಈ ಊರಿನಲ್ಲಿ ಅರಸರೂ ಸರ್ಕಾರವೂ ಒಟ್ಟಿಗೆ ನೆಲೆಸಿದ್ದದ್ದು, ರಾಜ್ಯ ದೊಡ್ಡದಾದ ಮೇಲೆ, ಬರೀ 32 ವರ್ಷ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಗದ್ದುಗೆಯನ್ನು ಅಲ್ಲಿಗೆ ಒಯ್ದರು. ಒಡೆಯರ ದಸರಾ ಮೊದಲಾದದ್ದೂ ಅಲ್ಲಿಯೇ. ಮುಂದೆ ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿ, ಅದರ ಕಲ್ಲುಗಳಿಂದ ಪಕ್ಕದಲ್ಲಿ ನಜರ್‌ಬಾದ್ ಎಂಬ ಹೊಸ ಕೋಟೆ ಕಟ್ಟಲು ತೊಡಗಿದರು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸುವಾಗ ಅದಕ್ಕೆ ತಕ್ಕ ಒಂದು ಕಟ್ಟಡವೂ ಊರಿನಲ್ಲಿ ಉಳಿದಿರಲಿಲ್ಲ. ಚಪ್ಪರದ ಕೆಳಗೆ ಪಟ್ಟಾಭಿಷೇಕ ನಡೆಯಿತು. ನಜರ್‌ಬಾದಿಗೆ ಹೋಗಿದ್ದ ಕಲ್ಲುಗಳು ಕೋಟೆ ಕಟ್ಟಲು ಮತ್ತೆ ವಾಪಸು ಬಂದವು.

ಹೀಗೆ ಮರಳಿ ಬಂದ ರಾಜಧಾನಿ 1831ರವರೆಗೆ ಇಲ್ಲಿತ್ತು. ಆ ವರ್ಷ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಕಮಿಷನರು, ಕಚೇರಿ, ಕಡತಗಳೆಲ್ಲ ಬೆಂಗಳೂರು ಸೇರಿದವು. 1881ರಲ್ಲಿ ರಾಜ್ಯ ಒಡೆಯರಿಗೆ ಹಿಂತಿರುಗಿತು, ಕಚೇರಿ ಹಿಂತಿರುಗಲಿಲ್ಲ. ಅಲ್ಲಿಂದ 1947ರವರೆಗೂ ಸಿಂಹಾಸನ ಮೈಸೂರಿನಲ್ಲಿ, ಸಚಿವಾಲಯ ಬೆಂಗಳೂರಿನಲ್ಲಿ. ವರ್ಷಕ್ಕೊಮ್ಮೆ ದಸರೆಯ ವೇಳೆಗೆ ತಾಲ್ಲೂಕು ತಾಲ್ಲೂಕುಗಳಿಂದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರು ಬಂದು ಸೇರುತ್ತಿದ್ದರು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರಿನಲ್ಲಿ ಆರಂಭಿಸಿದ ಸಭೆ ಅದು. ಮೊದಲ ವರ್ಷ 144 ಮಂದಿ. ಆ ಕೆಲವು ದಿನ ಊರು ಮತ್ತೆ ರಾಜಧಾನಿಯಾಗುತ್ತಿತ್ತು. ಬಂದವರು ತಮ್ಮೂರಿನ ಕೆರೆ, ಕಂದಾಯ, ರಸ್ತೆಗಳ ಅಹವಾಲು ಹೇಳಿಕೊಂಡು, ಜಂಬೂಸವಾರಿ ನೋಡಿಕೊಂಡು ಮನೆಗೆ ಹೋಗುತ್ತಿದ್ದರು.

ಮೈಸೂರಿನ ಸ್ವಭಾವ ಹುಟ್ಟಿದ್ದು ಈ ಏರ್ಪಾಡಿನಿಂದ ಎಂದು ನಾನು ನಂಬಿದ್ದೇನೆ. ಮುಮ್ಮಡಿಯವರನ್ನೇ ನೋಡಿ. ಅಧಿಕಾರ ಕೈಬಿಟ್ಟ ಮೇಲೆ 1868ರವರೆಗೆ, ಅಂದರೆ 37 ವರ್ಷ, ಅವರು ಬದುಕಿದ್ದರು. ಚದುರಂಗ, ಗಂಜೀಫಾ ಎಲೆಯಾಟ, ಚಿತ್ರಕಲೆ, ಸಂಗೀತ, ಗ್ರಂಥರಚನೆಗಳಲ್ಲಿ ಮುಳುಗಿದರು. 1833ರಲ್ಲಿ ಇಂಗ್ಲಿಷ್ ಶಾಲೆ ತೆರೆಸಿದರು. ಮುಂದೆ ಮಹಾರಾಜ ಕಾಲೇಜಾಗಿ ಬೆಳೆದದ್ದು ಅದೇ. 1861ರಲ್ಲಿ ಜಗನ್ಮೋಹನ ಅರಮನೆ ಕಟ್ಟಿಸಿದರು. ಇಂದು ಬೆಳಗಿನ ನಡಿಗೆಗೆ ಜನ ಸೇರುವ ಕುಕ್ಕರಹಳ್ಳಿ ಕೆರೆಯೂ ಅವರ ಕಾಲದ್ದೇ. ಸೈನ್ಯಕ್ಕೂ ಕಚೇರಿಗೂ ಹೋಗಬೇಕಾಗಿದ್ದ ಗಮನವೆಲ್ಲ ಪಾಠಶಾಲೆಗೆ, ವೀಣೆಗೆ, ಕೆರೆಗೆ ಹರಿಯಿತು. ಅವರ ನಂತರದವರೂ ಅದೇ ಜಾಡು ಹಿಡಿದರು. 1891ರಲ್ಲಿ ಪ್ರಾಚ್ಯ ಗ್ರಂಥಾಲಯ ಶುರುವಾಯಿತು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದ್ದು ಅಲ್ಲಿಯೇ. ರಾಜ್ಯ ಆಳುವ ವಿದ್ಯೆಯ ಅಷ್ಟು ದೊಡ್ಡ ಗ್ರಂಥ, ಆಳುವ ಕಚೇರಿಗಳಿಲ್ಲದ ಊರಿನ ಕಪಾಟಿನಲ್ಲಿ ಸಿಕ್ಕಿತಲ್ಲ ಎಂದು ನನಗೆ ಈಗಲೂ ಬೆರಗು. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ.

ಊರಿನ ನಕ್ಷೆಯೂ ಅಷ್ಟೇ ಮುಖ್ಯ. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಈಗಿನದು ಹೆನ್ರಿ ಇರ್ವಿನ್ ರೂಪಿಸಿದ್ದು, ಮುಗಿದದ್ದು 1912ರಲ್ಲಿ. ಅದೇ ಹೊತ್ತಿಗೆ ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳನ್ನು ಕಾಡಿತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ಅಗಲ ರಸ್ತೆ, ಸಾಲುಮರ, ಮನೆಗಳ ಬೆನ್ನಿಗೆ ಕಸ ಕೊಳೆ ಸಾಗಿಸಲು ‘ಕನ್ಸರ್ವೆನ್ಸಿ’ ಓಣಿ, ಎಲ್ಲವೂ ಗಾಳಿ ಬೆಳಕಿಗಾಗಿ ಯೋಚಿಸಿ ಮಾಡಿದ್ದು. ಪ್ರವಾಸಿಗರು ಇದನ್ನು ಅರಮನೆಯ ವೈಭವದ ಭಾಗವೆಂದುಕೊಳ್ಳುತ್ತಾರೆ. ನಾನು ಇದರಲ್ಲಿ ಪ್ಲೇಗಿನ ಭಯವನ್ನೂ ಕಾಣುತ್ತೇನೆ.

‘ರಾಜಭಕ್ತರ ಊರು, ಜೋರಾಗಿ ಮಾತಾಡದ ಜನ’ ಎಂಬ ಮಾತನ್ನೂ ನೀವು ಕೇಳುತ್ತೀರಿ. ದಯವಿಟ್ಟು ಅದನ್ನು ಪೂರ್ತಿ ಒಪ್ಪಬೇಡಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಸಂಸ್ಥಾನದಲ್ಲಿ ‘ಜವಾಬ್ದಾರಿ ಸರ್ಕಾರ’, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರ, ಬಂದಿರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಅದಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದಾಗ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ನೀವು ದಿನವೂ ಬಸ್ಸಿನಲ್ಲಿ ದಾಟಲಿರುವ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅರಸರ ಹೆಸರಿನ ವೃತ್ತಗಳಿಂದ ಕೂಗಳತೆಯಲ್ಲಿ ಆ ಹುಡುಗನ ಹೆಸರೂ ಇದೆ. ಎರಡನ್ನೂ ಈ ಊರು ಪ್ರೀತಿಯಿಂದಲೇ ಇಟ್ಟುಕೊಂಡಿದೆ.

ಕೈಗಾರಿಕೆಯೂ ಇಲ್ಲಿಗೆ ಹೊಸದಲ್ಲ. ರೇಷ್ಮೆ ಕಾರ್ಖಾನೆ 1912ರದು. 1937ರ ಬಣ್ಣದ ಕಾರ್ಖಾನೆ 1962ರಿಂದ ಚುನಾವಣೆಗೆ ಅಳಿಸಲಾಗದ ಶಾಯಿ ತಯಾರಿಸುತ್ತಿದೆ. ನಿಮ್ಮ ಬೆರಳಿಗೂ ಅದು ಹತ್ತಿದೆ. 

ಈಗ ಸ್ವಭಾವದ ಮಾತು. ಅಜ್ಜಿ ಬೆಳಗಿನ ಜಾವ ಬಾಳೆನಾರನ್ನು ನೀರಿನಲ್ಲಿ ನೆನೆಸಿಟ್ಟು, ಮೈಸೂರು ಮಲ್ಲಿಗೆಯ ಮೊಗ್ಗುಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು ಕಟ್ಟುತ್ತಿದ್ದರು. ಕಣ್ಣು ಗಿರಾಕಿಯ ಮೇಲಿದ್ದರೂ ಬೆರಳು ತಪ್ಪುತ್ತಿರಲಿಲ್ಲ. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ ಅಳೆದು, ಅಲ್ಲಿಗೇ ಕತ್ತರಿಸದೆ ಇನ್ನೊಂದು ಗೇಣು ಬಿಟ್ಟು ಹರಿಯುತ್ತಿದ್ದರು. ಅದು ಕೊಸರು. ಕೇಳಿ ಪಡೆಯುವ ಕೊಸರಲ್ಲ, ಕೇಳುವ ಮೊದಲೇ ಕೊಡುವುದು. ‘ಅಜ್ಜಿ, ಹೀಗೆ ಕೊಟ್ಟರೆ ಏನು ಉಳಿಯುತ್ತದೆ’ ಎಂದರೆ, ‘ನಾಳೆಯೂ ಆಯಮ್ಮ ಈ ದಾರಿಯಲ್ಲೇ ಬರಬೇಕಲ್ಲಪ್ಪ’ ಎನ್ನುತ್ತಿದ್ದರು. ನಾಳೆಯೂ ಮುಖ ನೋಡಬೇಕಾದವರು ಎಂಬ ಈ ಎಣಿಕೆ ಇಲ್ಲಿನ ವ್ಯಾಪಾರದಲ್ಲಿ, ನೆರೆಹೊರೆಯಲ್ಲಿ, ಜಗಳದಲ್ಲೂ ಇದೆ. ಊರು ಒಂಬತ್ತು ಲಕ್ಷ ದಾಟಿದರೂ ಅದು ಉಳಿದಿದೆ. ಬೆಂಗಳೂರಿನಿಂದ ಬಂದವರಿಗೆ ಇದು ನಿಧಾನವಾಗಿ ಕಾಣುತ್ತದೆ.

ನನ್ನ ಸಂಕಟವನ್ನೂ ಹೇಳಬೇಕು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. ಅಂದಿನಿಂದ ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ನಡೆಯುತ್ತಲೇ ಬಂದಿದೆ. ಅರಮನೆಗೆ ದೀಪ ಹಚ್ಚಿದಾಗ ಹಿಗ್ಗುವ ನಾವು, ನಮ್ಮಜ್ಜಿಯಂಥವರು ಅರವತ್ತು ವರ್ಷ ಕುಳಿತ ಸಾಲಿನ ತಾರಸಿ ಸೋರುವುದನ್ನು ಸುಮ್ಮನೆ ನೋಡಿದೆವು. ಪರಂಪರೆ ಎಂದರೆ ಅರಮನೆ ಮಾತ್ರ ಎಂದುಕೊಂಡದ್ದು ನಮ್ಮೂರಿನ ದೊಡ್ಡ ತಪ್ಪು.

ಮನೆ ಹುಡುಕುವುದಾದರೆ ಕಚೇರಿಗೆ ಹತ್ತಿರ ಎಂದು ಹೊರವರ್ತುಲ ರಸ್ತೆಯ ಆಚೆಗೆ ಹೋಗಬೇಡಿ. ಮೊದಲ ಒಂದೆರಡು ವರ್ಷವಾದರೂ ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ, ಒಂಟಿಕೊಪ್ಪಲಿನ ಕಡೆ ಇರಿ. ಗಣೇಶನ ಹಬ್ಬದಲ್ಲಿ ಒಂಟಿಕೊಪ್ಪಲಿನ ಎಂಟನೆಯ ಕ್ರಾಸಿನಲ್ಲಿ ಸಂಗೀತ ಕಛೇರಿ ಕೇಳಲು ಜನ ರಸ್ತೆಯಲ್ಲೇ ಕೂರುತ್ತಾರೆ, 1962ರಿಂದ ನಡೆದುಬಂದದ್ದು. ಬಂದ ಮೊದಲ ಭಾನುವಾರ ಬೆಳಗ್ಗೆ ಆರೂವರೆಗೆ ಧನ್ವಂತರಿ ರಸ್ತೆಯ ಕಡೆಯಿಂದ ಮಾರುಕಟ್ಟೆಗೆ ಹೋಗಿ. ಹೂವಿನ ಸಾಲಿನಲ್ಲಿ ಒಂದು ಮೊಳ ಮಲ್ಲಿಗೆ ಕೇಳಿ, ಅವರು ಎಲ್ಲಿ ಹರಿಯುತ್ತಾರೆ ಎಂದು ನೋಡಿ.