ಇಟಲಿಯ ಕಡಲತೀರದ ಚಿಂಕ್ವೆ ತೆರ್ರೆಯ ಐದೂ ಊರುಗಳನ್ನು ಒಂದೇ ದಿನದಲ್ಲಿ ರೈಲಿನಲ್ಲಿ ನೋಡಬಹುದಾ?

ನೋಡಬಹುದು. ಆದರೆ ಆರಾಮಾಗಿ ಸುತ್ತಬೇಕು ಅಂದರೆ ಮೂರೇ ಊರು ಸಾಕು. ಪಕ್ಕದ ಲಾ ಸ್ಪೆಜಿಯಾ ನಗರದಲ್ಲಿ ಬೆಳಗ್ಗೆಯೇ ಚಿಂಕ್ವೆ ತೆರ್ರೆ ಟ್ರೆನೊ ಕಾರ್ಡ್ ಅನ್ನೋ ರೈಲು ಪಾಸ್ ತೆಗೆದುಕೊಳ್ಳಿ. ಅಲ್ಲಿಂದ ಐದೂ ಊರು ದಾಟಿ ಸಿಗುವ ಲೆವಾಂಟೊವರೆಗೆ ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಊರಿಂದ ಊರಿಗೆ ಕೆಲವೇ ನಿಮಿಷ, ಅದರಲ್ಲೂ ಜಾಸ್ತಿ ಹೊತ್ತು ಸುರಂಗದೊಳಗೆ. ಕತ್ತಲು ಕಳೆದು ಒಮ್ಮೆಲೇ ನೀಲಿ ಸಮುದ್ರ ಕಂಡಾಗ ಬೋಗಿಯವರೆಲ್ಲ ಕಿಟಕಿಗೆ ತಿರುಗುತ್ತಾರೆ!

ಮೊದಲು ವೆರ್ನಾತ್ಸಾ. ಬಿಸಿ ಫೊಕಾಚಾ ಬ್ರೆಡ್ ಕಟ್ಟಿಸಿಕೊಂಡು ಪುಟ್ಟ ಬಂದರಿನ ಕಟ್ಟೆ ಮೇಲೆ ಸುಮ್ನೆ ಕೂತುಬಿಡಿ. ಕಾಗದದ ತುಂಬಾ ಆಲಿವ್ ಎಣ್ಣೆ, ಕಾಲಡಿಯಲ್ಲಿ ಬಣ್ಣದ ದೋಣಿಗಳು. ಈಜಬೇಕಿದ್ದರೆ ಮೊಂಟೆರೊಸ್ಸೊಗೆ ಹೋಗಿ, ಅಲ್ಲಿ ಮರಳ ದಂಡೆಯಿದೆ. ಕೊರ್ನಿಲಿಯಾ ಗುಡ್ಡದ ಮೇಲಿದೆ, ಸ್ಟೇಷನ್ನಿಂದ 380ಕ್ಕೂ ಹೆಚ್ಚು ಮೆಟ್ಟಿಲು. ಮಂಡಿ ನೋವಿದ್ದರೆ ಬಿಟ್ಟುಬಿಡಿ. ಸಂಜೆ ಬಿಸಿಲು ಮಾತ್ರ ಮನರೋಲಾಗೇ ಮೀಸಲಿಡಿ.