ತೊಟ್ಟಿ ಮನೆ ಕೆಡವಬೇಡಿ, ಬಚ್ಚಲು ಮಾತ್ರ ಹೊಸದಾಗಲಿ

ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಅವರ ಮಾವನವರ ಕಾಲದ ತೊಟ್ಟಿ ಮನೆ ಇದೆ. ಅತ್ತೆ ಮತ್ತು ಮಕ್ಕಳ ಜೊತೆ ಅಲ್ಲೇ ನೆಲೆಸುವ ಆಸೆ. ಎಂಜಿನಿಯರ್ ‘ಕೆಡವಿ ಆರ್‌ಸಿಸಿ ಕಟ್ಟಿ’ ಅನ್ನುತ್ತಾರಂತೆ. ಪಕ್ಕದ ಮನೆಯವರು ‘ಪುರಾತತ್ವ ಇಲಾಖೆಯವರು ಒಂದು ಮೊಳೆ ಹೊಡೆಯೋಕೂ ಬಿಡಲ್ಲ’ ಅನ್ನುತ್ತಾರಂತೆ. ಯಾರ ಮಾತು ಕೇಳಲಿ ಎಂಬುದು ಪ್ರಶ್ನೆ.

ಇಬ್ಬರದ್ದೂ ಬೇಡ ತಾಯಿ.

ಆ ದೇವಸ್ಥಾನ ಕೇಂದ್ರದ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ರಕ್ಷಣೆಗಿರುವ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗೋಪುರದಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಿಮ್ಮ ಮನೆ ಎಲ್ಲಿ ಬರುತ್ತದೆ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ನಿಯಂತ್ರಿತ ಪ್ರದೇಶದಲ್ಲಾದರೆ ಅನುಮತಿ ಪಡೆದು ಹೊಸದಾಗಿಯೂ ಕಟ್ಟಬಹುದು. 100 ಮೀಟರಿನೊಳಗೆ ಆ ಮಾತೇ ಇಲ್ಲ. ಕೆಡವಿದಿರೋ, ಕೈಯಲ್ಲಿ ಉಳಿಯುವುದು ಖಾಲಿ ಸೈಟು. ಆದರೆ 1992ರ ಜೂನ್ 16ಕ್ಕೆ ಮುಂಚೆಯೇ ಇದ್ದ ಮನೆಯಾದರೆ ರಿಪೇರಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ ಕೊಡುತ್ತಾರೆ.

ಕಾನೂನು ಇಷ್ಟು. ನನಗೆ ಜಾಸ್ತಿ ಚಿಂತೆ ಆಗಿದ್ದು ನೀವು ಕಳಿಸಿದ ಫೋಟೋ ನೋಡಿ. ಹಜಾರದ ಗೋಡೆಗೆ ಯಾರೋ ಸೊಂಟದೆತ್ತರಕ್ಕೆ ಸಿಮೆಂಟ್ ಬಳಿದಿದ್ದಾರೆ. ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಹೂವಿನಂತೆ ಬಿಟ್ಟುಕೊಂಡಿದೆ. ಹಳೆ ಗೋಡೆಗೆ ನೆಲದ ತೇವ ಏರುವುದು ಸಹಜ. ಸುಣ್ಣದ ಗಾರೆ ಇದ್ದರೆ ಅದು ಅಲ್ಲಲ್ಲೇ ಆರಿಹೋಗುತ್ತದೆ. ಸಿಮೆಂಟ್ ದಾರಿ ಮುಚ್ಚುತ್ತದೆ, ತೇವ ಇನ್ನೂ ಮೇಲಕ್ಕೆ ಹತ್ತುತ್ತದೆ. ಗೋಡೆಯೊಳಗೆ ಸೇರಿದ ತೊಲೆಯ ತುದಿವರೆಗೆ ಹತ್ತಿತೆಂದರೆ ಮರ ಕೊಳೆಯುತ್ತದೆ, ಗೆದ್ದಲೂ ಬರುತ್ತದೆ. ಬೆರಳ ಗಂಟಿನಿಂದ ಸಿಮೆಂಟ್ ಮೇಲೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಅದು ಗೋಡೆಯಿಂದ ಬಿಟ್ಟಿದೆ ಅಂತ ಅರ್ಥ. ತೊಲೆ ಗೋಡೆ ಸೇರುವ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿಸಿ. ಸಲೀಸಾಗಿ ಒಳಗಿಳಿದರೆ ಮೊದಲ ಖರ್ಚು ಅಲ್ಲಿಗೇ. ಟೈಲ್ಸ್, ಮಾಡ್ಯುಲರ್ ಕಿಚನ್ ಎಲ್ಲ ಆಮೇಲೆ.

ಕಾಲಕ್ಕೆ ತಕ್ಕ ಮನೆ ಬೇಕು ಅನ್ನುವುದರಲ್ಲಿ ತಪ್ಪೇನಿಲ್ಲ. ಮಂಡಿನೋವಿನ ಅತ್ತೆಯವರು ರಾತ್ರಿ ಹಿತ್ತಲಿಗೆ ನಡೆಯಬೇಕು ಅನ್ನೋದು ಪರಂಪರೆ ಅಲ್ಲ, ಹಿಂಸೆ. ನೀರಿನ ಕೆಲಸವನ್ನೆಲ್ಲ ಹಿತ್ತಲ ಕಡೆ ಒಂದೇ ಸಾಲಿನಲ್ಲಿ ತನ್ನಿ: ಅಡುಗೆಮನೆ, ಬಚ್ಚಲು, ಕಮೋಡ್. ಅದಕ್ಕೆ ಹೊಂದಿದ ಕೋಣೆ ಅತ್ತೆಯವರಿಗಿರಲಿ. ಪೈಪು ಹಳೆ ಗೋಡೆಯೊಳಗೆ ಹೋಗದೆ ಹೊರಗೇ ಕಾಣುವಂತಿದ್ದರೆ, ಸೋರಿದರೂ ತಕ್ಷಣ ಗೊತ್ತಾಗುತ್ತದೆ. ವೈರಿಂಗಿಗೂ ಗೋಡೆ ಕೊರೆಯಬೇಡಿ, ತೊಲೆಯ ಪಕ್ಕದಲ್ಲೇ ಪೈಪಿನಲ್ಲಿ ಎಳೆಸಿ.

ತೊಟ್ಟಿಗೆ ಪ್ಲಾಸ್ಟಿಕ್ ಶೀಟ್ ಹೊದಿಸುವ ಯೋಚನೆ ಮಾತ್ರ ಬಿಟ್ಟುಬಿಡಿ. ಬಿಸಿ ಗಾಳಿ ಹೊರಗೆ ಹೋಗುವುದೇ ಅಲ್ಲಿಂದ, ನಡುಮನೆಗೆ ಬೆಳಕು ಬರುವುದೂ ಅಲ್ಲಿಂದ. ಮುಚ್ಚಿದರೆ ಹಗಲೇ ಲೈಟು ಹಾಕಿಕೊಂಡು, ಎಸಿ ಬಿಲ್ ಕಟ್ಟಿಕೊಂಡು ಕೂರಬೇಕು. ಕೋತಿ, ಕಳ್ಳರ ಭಯಕ್ಕೆ ಕಂಬಿ ಜಾಲರಿ ಸಾಕು. ಮಳೆನೀರು ನಿಲ್ಲುತ್ತಿದೆ ಅಂದಿರಿ. ಅದು ಆಕಾಶದ ತಪ್ಪಲ್ಲ, ತೊಟ್ಟಿಯ ನೀರು ಬೀದಿಗೆ ಹೋಗುವ ಕಂಡಿ ಕಟ್ಟಿಕೊಂಡಿರಬೇಕು.

ಇವೆಲ್ಲ ಅನುಮತಿ ಕೈಗೆ ಬಂದ ಮೇಲೆ. ಅನುಮತಿ ಇಲ್ಲದೆ ಕೆಲಸ ಮಾಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸದ್ಯಕ್ಕೆ ಮನೆಯ ಈಗಿನ ನಕ್ಷೆ ಬರೆಸಿ, ಪ್ರತಿ ಕೋಣೆಯ ಫೋಟೋ ತೆಗೆಸಿ. ಮಾವನವರ ಟ್ರಂಕಿನಲ್ಲಿ 1992ಕ್ಕಿಂತ ಹಿಂದಿನ ಕಂದಾಯ ರಸೀದಿ ಇದೆಯಾ ಅಂತ ಹುಡುಕಿ.

— ಸಂಪಾದಕ