ನೀವು ಕೇಳಿದಿರಿ: 21 ಸೆಂಟಿಮೀಟರ್ ಅಲೆಯಲ್ಲಿ ಆಕಾಶದ ನಕ್ಷೆ

ಆಕಾಶದ ಹೈಡ್ರೋಜನ್ ಅನಿಲವನ್ನು ರೇಡಿಯೊ ಅಲೆಯಲ್ಲಿ ಅಳೆದು ನಕ್ಷೆ ಮಾಡುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರ: ಒಂದು ಹೈಡ್ರೋಜನ್ ಪರಮಾಣು ಈ ಅಲೆಯನ್ನು ಹೊರಡಿಸಬೇಕಾದರೆ ಕೋಟಿ ವರ್ಷ ಬೇಕಂತೆ. ಹಾಗಿದ್ದರೆ ಅದು ನಮಗೆ ಸಿಗುವುದು ಹೇಗೆ?

ಉ: ಪರಮಾಣುಗಳ ಸಂಖ್ಯೆಯಿಂದ. ಎಲೆಕ್ಟ್ರಾನಿನ ಸ್ಪಿನ್ (ಕಣದ ಗಿರಕಿಯಂಥ ಗುಣ) ಪ್ರೋಟಾನಿನ ಸ್ಪಿನ್‌ಗೆ ಎದುರಾಗಿ ತಿರುಗಿಕೊಂಡಾಗ 1420.406 ಮೆಗಾಹರ್ಟ್ಸ್‌ನ, ಅಂದರೆ 21 ಸೆಂ.ಮೀ. ತರಂಗದೂರದ ಅಲೆ ಹೊರಡುತ್ತದೆ. ಒಂಟಿ ಪರಮಾಣುವಿಗೆ ಇದು ಆಗಲು ಸರಾಸರಿ 1.1 ಕೋಟಿ ವರ್ಷ ಬೇಕು, ನಿಜ. ಆದರೆ ಆಕಾಶದ ಒಂದು ದಿಕ್ಕಿನಲ್ಲಿ, ಒಂದು ಚದರ ಸೆಂಟಿಮೀಟರ್ ಅಡ್ಡಳತೆಯ ಉದ್ದನೆಯ ಕೊಳವೆಯೊಳಗೆ ಸಾಮಾನ್ಯವಾಗಿ 10²¹ರಷ್ಟು ಪರಮಾಣುಗಳಿರುತ್ತವೆ. ಅಷ್ಟರಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಪರಮಾಣುಗಳು ಅಲೆ ಹೊರಡಿಸುತ್ತಲೇ ಇರುತ್ತವೆ. ಬೆಳಕನ್ನು ತಡೆಯುವ ದೂಳು ಈ ಅಲೆಯನ್ನು ತಡೆಯುವುದಿಲ್ಲ. ಹೀಗೊಂದು ಅಲೆ ಸಿಗಬೇಕೆಂದು ಡಚ್ ಖಗೋಳವಿಜ್ಞಾನಿ ವಾನ್ ಡೆ ಹುಲ್ಸ್ಟ್ 1944ರಲ್ಲಿ ಲೆಕ್ಕ ಹಾಕಿದ್ದರು. 1951ರ ಮಾರ್ಚ್ 25ರಂದು ಹಾರ್ವರ್ಡ್‌ನಲ್ಲಿ ಯೂಯೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಅವರ ಆಂಟೆನಾ ಕಿಟಕಿಯಿಂದ ಹೊರಚಾಚಿದ ಒಂದು ಹಾರ್ನ್ (ಕಹಳೆಯಂತೆ ಬಾಯಿ ಅಗಲವಾದ ಕೊಳವೆ), ಅಷ್ಟೇ.

ಪ್ರ: ಒಂದು ಮೀಟರ್ ಡಿಶ್, ಡಬ್ಬಿಯ ಫೀಡ್ (ಡಿಶ್ ಒಟ್ಟುಗೂಡಿಸಿದ ಅಲೆಯನ್ನು ಹಿಡಿಯುವ ಭಾಗ), ಆಂಪ್ಲಿಫೈಯರ್, ಎಸ್‌ಡಿಆರ್ ಡಾಂಗಲ್ (ಅಲೆಯನ್ನು ಕಂಪ್ಯೂಟರಿಗೆ ಅಂಕೆಗಳಾಗಿ ಕೊಡುವ ಪುಟ್ಟ ರಿಸೀವರ್) ಎಲ್ಲ ಜೋಡಿಸಿದ್ದೇನೆ. ಆಕಾಶಗಂಗೆಯತ್ತ ತಿರುಗಿಸಿದರೂ ಪರದೆಯ ಮೇಲೆ ಏನೂ ಏಳುವುದಿಲ್ಲ. ಎಲ್ಲಿಂದ ಹುಡುಕಬೇಕು?

ಉ: ಮೊದಲು ಡಬ್ಬಿಯನ್ನು ಅಳೆಯಿರಿ. ದುಂಡು ಡಬ್ಬಿಯ ಒಳವ್ಯಾಸ 12.4 ಸೆಂ.ಮೀ.ಗಿಂತ ಕಡಿಮೆಯಾದರೆ ಈ ಅಲೆ ಒಳಗೇ ಹೋಗದು. 16.2 ಸೆಂ.ಮೀ. ದಾಟಿದರೆ ಬೇಡದ ಇನ್ನೊಂದು ಬಗೆಯ ಕಂಪನವೂ ಒಳಗೆ ಹುಟ್ಟಿಕೊಂಡು ಬೀಮ್, ಅಂದರೆ ಆಂಟೆನಾ ಒಮ್ಮೆಗೆ ನೋಡುವ ಆಕಾಶದ ಹರವು, ಕೆಡುತ್ತದೆ. 15 ಸೆಂ.ಮೀ. ಒಳ್ಳೆಯ ಅಳತೆ. ಆಗ ಡಬ್ಬಿಯೊಳಗಿನ ತರಂಗದೂರ 21 ಸೆಂ.ಮೀ. ಅಲ್ಲ, ಸುಮಾರು 37 ಸೆಂ.ಮೀ. ಹೆಚ್ಚಿನವರು ಎಡವುವುದು ಇಲ್ಲೇ. ಡಬ್ಬಿಯೊಳಗೆ ಅಲೆಯನ್ನು ಹಿಡಿಯುವ ಪ್ರೋಬ್ ತಂತಿಯನ್ನು ಹಿಂಬದಿಯ ಗೋಡೆಯಿಂದ 21ರ ಕಾಲುಭಾಗ, ಅಂದರೆ 5.3 ಸೆಂ.ಮೀ. ದೂರದಲ್ಲಿ ಕೂರಿಸಿಬಿಡುತ್ತಾರೆ, ಅದು ಇರಬೇಕಾದ್ದು 37ರ ಕಾಲುಭಾಗದಲ್ಲಿ, ಸುಮಾರು 9.3 ಸೆಂ.ಮೀ. ದೂರದಲ್ಲಿ. ತಂತಿಯ ಉದ್ದ ಮಾತ್ರ 5 ಸೆಂ.ಮೀ. ಆಸುಪಾಸು. ಮೊದಲು ಸ್ವಲ್ಪ ಉದ್ದವೇ ಬಿಟ್ಟು, ಆಮೇಲೆ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತ ಬನ್ನಿ.

ಎರಡನೆಯದು, ಆಂಪ್ಲಿಫೈಯರ್ ಎಲ್ಲಿದೆ ನೋಡಿ. ಅದು ಫೀಡ್‌ಗೆ ಅಂಟಿಕೊಂಡೇ ಇರಬೇಕು. ಫೀಡ್‌ಗೂ ಅದಕ್ಕೂ ನಡುವಿನ ಕೇಬಲ್‌ನಲ್ಲಿ 1 ಡೆಸಿಬೆಲ್ ಸೋರಿದರೂ ಸುಮಾರು 75 ಕೆಲ್ವಿನ್ ಗದ್ದಲ ಕೂಡಿಕೊಳ್ಳುತ್ತದೆ (ಗದ್ದಲವನ್ನು, ಅಷ್ಟೇ ಗದ್ದಲ ಸೂಸುವ ಬಿಸಿ ವಸ್ತುವಿನ ಉಷ್ಣತೆಯಾಗಿ ಹೇಳುವುದು ರೂಢಿ). ಆಂಪ್ಲಿಫೈಯರ್ ಆದಮೇಲೆ ಹತ್ತು ಮೀಟರ್ ಕೇಬಲ್ ಇದ್ದರೂ ಚಿಂತೆಯಿಲ್ಲ.

ಇನ್ನು ಒಂದು ನಿಮಿಷದ ಪರೀಕ್ಷೆ. ಫೀಡ್ ಅನ್ನು ಆಕಾಶಕ್ಕೆ ನೋಡಿಸಿ, ಅದರ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ನಿಮ್ಮ ಕೈ 300 ಕೆಲ್ವಿನ್ ಬಿಸಿಯ ವಸ್ತು, ಖಾಲಿ ಆಕಾಶ ಸುಮಾರು 10 ಕೆಲ್ವಿನ್. ಗದ್ದಲದ ಮಟ್ಟ 3ರಿಂದ 5 ಡೆಸಿಬೆಲ್ ಮೇಲೇರಬೇಕು. ಏರದಿದ್ದರೆ ಆಕಾಶವನ್ನು ದೂರಿ ಫಲವಿಲ್ಲ, ತಪ್ಪು ಫೀಡ್‌ನಿಂದ ಡಾಂಗಲ್‌ವರೆಗಿನ ಉಪಕರಣಗಳ ಸರಣಿಯಲ್ಲೇ ಇದೆ. ಬಹಳ ಸಲ ಅದು ಬಯಸ್-ಟೀ ಆನ್ ಆಗಿಲ್ಲದಿರುವುದು: ಕೇಬಲ್ ಮೂಲಕ ಹೋಗಬೇಕಾದ ವಿದ್ಯುತ್ ಹೋಗುತ್ತಿಲ್ಲ, ಆಂಪ್ಲಿಫೈಯರ್ ಸತ್ತು ಕೂತಿದೆ. ಡಾಂಗಲ್‌ನ ಆಟೊಮ್ಯಾಟಿಕ್ ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದನ್ನು ತಾನೇ ಬದಲಿಸುವ ಏರ್ಪಾಡು) ಆನ್ ಆಗಿದ್ದರೂ ಈ ಏರಿಕೆ ಕಾಣದು. ಅದನ್ನು ಆಫ್ ಮಾಡಿ, ಗೇನ್ ಅನ್ನು ಒಂದೇ ಅಂಕೆಯಲ್ಲಿ ನಿಲ್ಲಿಸಿ.

ಡಿಶ್ 60 ಸೆಂ.ಮೀ.ನ ಟಿವಿ ಡಿಶ್ ಆಗಿದ್ದರೆ ಅದನ್ನು ಬಿಟ್ಟು ಹಾರ್ನ್ ಕಟ್ಟಿ ಎನ್ನುತ್ತೇವೆ. ಮೂರು ತರಂಗದೂರದಷ್ಟೂ ಅಗಲವಿಲ್ಲದ ಡಿಶ್ ನೆಲದ ಬಿಸಿಯನ್ನೇ ಹೆಚ್ಚಾಗಿ ಎತ್ತಿಕೊಳ್ಳುತ್ತದೆ. ಬಾಯಿ 75 × 60 ಸೆಂ.ಮೀ. ಇರುವ ತಗಡಿನ ಹಾರ್ನ್ ಸುಮಾರು 20 ಡಿಗ್ರಿ ಬೀಮ್ ಕೊಟ್ಟು ನೆಲದತ್ತ ನೋಡುವುದನ್ನು ಬಹಳ ಕಡಿಮೆ ಮಾಡುತ್ತದೆ.

ಪ್ರ: ಮೋಟರ್ ಇಲ್ಲದೆ ಇಡೀ ಆಕಾಶದ ನಕ್ಷೆ ಮಾಡಬಹುದೇ?

ಉ: ಮಾಡಬಹುದು, ಭೂಮಿಯೇ ತಿರುಗಿಸುತ್ತದೆ. ಆಂಟೆನಾವನ್ನು ಉತ್ತರ-ದಕ್ಷಿಣ ರೇಖೆಯ ಮೇಲೆ ಒಂದು ಎತ್ತರಕ್ಕೆ ನಿಲ್ಲಿಸಿ 24 ಗಂಟೆ ಬಿಡಿ. ಗಂಟೆಗೆ 15 ಡಿಗ್ರಿಯಂತೆ ಆಕಾಶದ ಒಂದು ಪಟ್ಟಿ ಮುಂದೆ ಹಾದುಹೋಗುತ್ತದೆ. ಮರುದಿನ ಎತ್ತರ ಬದಲಿಸಿ ಮುಂದಿನ ಪಟ್ಟಿ.

ಎಷ್ಟು ಬದಲಿಸಬೇಕು? ಬೀಮ್‌ನ ಅಗಲ ಡಿಗ್ರಿಯಲ್ಲಿ ಸುಮಾರು 70 × ತರಂಗದೂರ ÷ ವ್ಯಾಸ. ಒಂದು ಮೀಟರ್ ಡಿಶ್‌ಗೆ 15 ಡಿಗ್ರಿ. ಹೆಜ್ಜೆ ಅದರ ಅರ್ಧಕ್ಕಿಂತ ತುಸು ಕಡಿಮೆ, 7 ಡಿಗ್ರಿ ಇರಲಿ. ಒಂದು ಬೀಮ್‌ಗೆ ಒಂದು ಹೆಜ್ಜೆ ಸಾಕೆಂದು 15 ಡಿಗ್ರಿ ಹಾರಿದರೆ ನಡುವಿನ ವಿವರ ಕಳೆದುಹೋಗುತ್ತದೆ, ಆಮೇಲೆ ಯಾವ ತಂತ್ರಾಂಶವೂ ಅದನ್ನು ತಂದುಕೊಡದು. ಡಿಕ್ಲಿನೇಶನ್, ಅಂದರೆ ಆಕಾಶದ ಅಕ್ಷಾಂಶ, ಮೈನಸ್ 30ರಿಂದ 80ರವರೆಗೆ ನಿಮಗೆ ಕಾಣುವುದಾದರೆ 17 ಪಟ್ಟಿಗಳು, 17 ದಿನ.

ಗದ್ದಲದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ನಿಮ್ಮ ಸರಣಿಯ ಒಟ್ಟು ಗದ್ದಲವನ್ನು, ಚಾನೆಲ್‌ನ, ಅಂದರೆ ಅಳತೆಯ ಒಂದೊಂದು ಕಂಪನಾಂಕ ತುಣುಕಿನ, ಅಗಲವನ್ನು (ಹರ್ಟ್ಸ್) ಕಾಲದಿಂದ (ಸೆಕೆಂಡ್) ಗುಣಿಸಿದ್ದರ ವರ್ಗಮೂಲದಿಂದ ಭಾಗಿಸಿ. 150 ಕೆಲ್ವಿನ್, 5 ಕಿಲೊಹರ್ಟ್ಸ್, 60 ಸೆಕೆಂಡ್ ಎಂದರೆ 0.27 ಕೆಲ್ವಿನ್. ಆಕಾಶಗಂಗೆಯ ನಡುಪಟ್ಟಿಯಲ್ಲಿ ಸಂಕೇತ ಹತ್ತಾರು ಕೆಲ್ವಿನ್ ಏಳುವುದರಿಂದ ಅಲ್ಲಿಗೆ ಒಂದು ನಿಮಿಷ ಧಾರಾಳ. ನಡುಪಟ್ಟಿಯಿಂದ ದೂರ, ಕೆಲವೇ ಕೆಲ್ವಿನ್ ಇರುವ ಕಡೆ 20 ನಿಮಿಷ ಕೂಡಿಸಿ; 0.06ಕ್ಕೆ ಇಳಿಯುತ್ತದೆ.

ಪ್ರ: ನಕ್ಷೆ ಬಂತು, ಆದರೆ ಪಟ್ಟಿ ಪಟ್ಟಿಯಾಗಿ, ಚಾಪೆ ಹಾಸಿದಂತೆ ಕಾಣುತ್ತದೆ. ಏಕೆ?

ಉ: ಈ ಪತ್ರಗಳಲ್ಲಿ ನಮಗೆ ಅತಿ ಮುಖ್ಯವೆನಿಸಿದ ಪ್ರಶ್ನೆ ಇದು. ಪ್ರತಿ ಪಟ್ಟಿ ಬೇರೆ ದಿನದ್ದು. ಆಂಪ್ಲಿಫೈಯರ್ ಹಗಲು ಬಿಸಿಯಾಗಿ ರಾತ್ರಿ ತಣ್ಣಗಾದಾಗ ಅದರ ಗೇನ್ ಬದಲಾಗುತ್ತದೆ; ಆ ಏರಿಳಿತವೇ ಆಕಾಶದ ಮೇಲೆ ಗೆರೆಯಾಗಿ ಮೂಡಿದೆ.

ಡಾಂಗಲ್ ಕೊಟ್ಟ ಅಂಕೆಯನ್ನು ನೇರವಾಗಿ ನಕ್ಷೆಗೆ ಹಾಕಬೇಡಿ. ಹೈಡ್ರೋಜನ್ ಗೆರೆ (1420.4 ಮೆಗಾಹರ್ಟ್ಸ್ ಬಳಿ ಏಳುವ ಉಬ್ಬು) ಇಲ್ಲದ ಚಾನೆಲ್‌ಗಳ ಮಟ್ಟಕ್ಕೂ ಗೇನ್‌ನ ಏರಿಳಿತ ಅದೇ ಪ್ರಮಾಣದಲ್ಲಿ ತಟ್ಟಿರುತ್ತದೆ. ಆದ್ದರಿಂದ ಗೆರೆಯಿರುವ ರೋಹಿತವನ್ನು (ಯಾವ ಕಂಪನಾಂಕದಲ್ಲಿ ಎಷ್ಟು ಶಕ್ತಿ ಎಂಬ ಚಿತ್ರ) ಗೆರೆಯಿಲ್ಲದ ರೋಹಿತದಿಂದ ಭಾಗಿಸಿ, ಒಂದನ್ನು ಕಳೆದು, ಸರಣಿಯ ಗದ್ದಲದ ಉಷ್ಣತೆಯಿಂದ ಗುಣಿಸಿ. ಗೇನ್ ಹೊರಟುಹೋಗಿ ಕೆಲ್ವಿನ್ ಉಳಿಯುತ್ತದೆ.

ಆ ಉಷ್ಣತೆಯನ್ನು ಪಡೆಯಲು ದಿನಕ್ಕೆ ಎರಡು ಬಾರಿ ಆಂಟೆನಾವನ್ನು ನೆಲಕ್ಕೆ ತಿರುಗಿಸಿ ಅಳೆಯಿರಿ, ಮತ್ತೆ ಆಕಾಶಕ್ಕೆ ತಿರುಗಿಸಿ ಅಳೆಯಿರಿ. ನೆಲದಲ್ಲಿ ಬಂದ ಶಕ್ತಿ ಆಕಾಶದ್ದರ ಮೂರು ಪಟ್ಟು ಎಂದಿಟ್ಟುಕೊಳ್ಳಿ: 300ರಿಂದ 3 × 10 ಕಳೆದು 2ರಿಂದ ಭಾಗಿಸಿದರೆ ರಿಸೀವರ್‌ನ ಗದ್ದಲ 135 ಕೆಲ್ವಿನ್. ಆಕಾಶದ 10 ಸೇರಿಸಿದರೆ ಒಟ್ಟು 145.

ಗೆರೆಯಿಲ್ಲದ ರೋಹಿತ ಎಲ್ಲಿಂದ ತರಬೇಕು? ಹೈಡ್ರೋಜನ್ ಇಲ್ಲದ ದಿಕ್ಕೊಂದನ್ನು ನೋಡಿ ಕಳೆದರಾಯಿತು ಎಂದು ಹಲವರು ಬರೆದಿದ್ದಾರೆ. ಅಂಥ ದಿಕ್ಕು ಆಕಾಶದಲ್ಲೇ ಇಲ್ಲ. ಅತಿ ಖಾಲಿ ಎನಿಸಿಕೊಂಡ, ಸಪ್ತರ್ಷಿ ಮಂಡಲದ ಲಾಕ್‌ಮನ್ ಕಿಂಡಿಯಲ್ಲೂ ಚದರ ಸೆಂಟಿಮೀಟರಿಗೆ 4.5 × 10¹⁹ ಪರಮಾಣುಗಳಿವೆ. ಅದನ್ನು ಕಳೆದರೆ ನಕ್ಷೆಯ ಪ್ರತಿ ಬಿಂದುವಿನಿಂದಲೂ ನಿಜವಾದ ಅನಿಲವನ್ನೇ ಕಳೆದಂತೆ. ಹಾಗಾಗಿ ದಿಕ್ಕು ಬದಲಿಸದೆ ಕಂಪನಾಂಕ ಬದಲಿಸಿ: 30 ಸೆಕೆಂಡ್ 1420.4, ಮುಂದಿನ 30 ಸೆಕೆಂಡ್ 1423.4 ಮೆಗಾಹರ್ಟ್ಸ್. ಎರಡನೆಯದರಲ್ಲಿ ನಮ್ಮ ಆಕಾಶಗಂಗೆಯ ಗೆರೆ ಇರುವುದಿಲ್ಲ. 1400ರಿಂದ 1427ರವರೆಗೆ ಯಾರೂ ಪ್ರಸಾರ ಮಾಡಬಾರದೆಂಬ ಅಂತಾರಾಷ್ಟ್ರೀಯ ನಿಯಮವಿರುವುದರಿಂದ ಅಲ್ಲಿಯೂ ಶಾಂತವೇ. ಕೆಲವು ಡಾಂಗಲ್‌ಗಳಲ್ಲಿ ರೋಹಿತದ ನಟ್ಟನಡುವೆ ಹುಸಿ ಮೊಳೆಯೊಂದು ಏಳುತ್ತದೆ. ಅದು ಬೇಕಾದ ಗೆರೆಯ ಮೇಲೆಯೇ ಕೂರದಂತೆ 1420.2 ಮತ್ತು 1420.6ರಲ್ಲಿ ಸರದಿಯಂತೆ ಅಳೆದು, ಮೊಳೆಯಿರುವ ಚಾನೆಲ್‌ಗಳನ್ನು ಬಿಡಿ.

ಕೊನೆಗೆ ಉಳಿಯುವ ಓರೆಯನ್ನು ಸರಿಪಡಿಸಲು ಒಂದನೆಯ ಅಥವಾ ಎರಡನೆಯ ಘಾತದ ವಕ್ರರೇಖೆ ಸಾಕು. ಆರು, ಏಳಕ್ಕೆ ಹೋದರೆ ರೋಹಿತ ಅಂದವಾಗಿ ಕಾಣುತ್ತದೆ, ಜೊತೆಗೆ ಅಗಲವಾದ ಮಂದ ಗೆರೆಯನ್ನೂ ವಕ್ರರೇಖೆ ನುಂಗಿಬಿಡುತ್ತದೆ. ಹಾಗೆ ಮಾಡಬೇಡಿ ಎಂದು ಒತ್ತಿ ಹೇಳುತ್ತೇವೆ.

ಪ್ರ: ಒಂದೇ ಜಾಗವನ್ನು ಆರು ತಿಂಗಳ ಬಳಿಕ ನೋಡಿದರೆ ಗೆರೆ ಸೆಕೆಂಡಿಗೆ 50 ಕಿಲೊಮೀಟರ್ ವೇಗದಷ್ಟು ಸರಿದಿದೆ. ಡಾಂಗಲ್ ಕೆಟ್ಟಿದೆಯೇ?

ಉ: ಬಹುಶಃ ಇಲ್ಲ. ಅನಿಲವೂ ನಾವೂ ಹತ್ತಿರವಾಗುತ್ತಿದ್ದರೆ ಗೆರೆಯ ಕಂಪನಾಂಕ ಏರುತ್ತದೆ, ದೂರವಾಗುತ್ತಿದ್ದರೆ ಇಳಿಯುತ್ತದೆ; ಆ ಸರಿತವನ್ನೇ ವೇಗವಾಗಿ ಬರೆಯುವುದು. ಭೂಮಿ ಸೂರ್ಯನನ್ನು ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಒಂದು ಋತುವಿನಲ್ಲಿ ಆ ಅನಿಲದತ್ತ ಹೋಗುತ್ತೇವೆ, ಆರು ತಿಂಗಳಿಗೆ ಅದರಿಂದ ದೂರ. ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ವರ್ಷದ ದಾರಿಯ) ಬಳಿ ಈ ವ್ಯತ್ಯಾಸ 60 ಕಿ.ಮೀ.ವರೆಗೂ ಹೋಗುತ್ತದೆ. ಅದಕ್ಕೇ ಎಲ್ಲ ವೇಗಗಳನ್ನೂ ನೆರೆಯ ನಕ್ಷತ್ರಗಳ ಸರಾಸರಿ ಚಲನೆಗೆ ಹೋಲಿಸಿ ಬರೆಯುವುದು. ಇದಕ್ಕೆ ಎಲ್‌ಎಸ್‌ಆರ್ ಎನ್ನುತ್ತಾರೆ. ಆಸ್ಟ್ರೊಪೈ ಎಂಬ ಖಗೋಳ ತಂತ್ರಾಂಶ ಬಳಸುವವರು ಗಮನಿಸಿ: ಹೈಡ್ರೋಜನ್ ಸಮೀಕ್ಷೆಗಳು ಬಳಸುವುದು ಸೂರ್ಯನಿಗೆ 20 ಕಿ.ಮೀ. ವೇಗವೆಂದು ಹಿಡಿಯುವ ಹಳೆಯ ರೂಢಿಯನ್ನು. ಅದರ ಹೆಸರು ಎಲ್‌ಎಸ್‌ಆರ್‌ಕೆ. ಬರೀ ಎಲ್‌ಎಸ್‌ಆರ್ ಎಂದು ಕೊಟ್ಟರೆ ಕೆಲವು ದಿಕ್ಕುಗಳಲ್ಲಿ ಸುಮಾರು 3 ಕಿ.ಮೀ. ತಪ್ಪು ಬರುತ್ತದೆ.

ಡಾಂಗಲ್ ಅನ್ನೂ ಒಮ್ಮೆ ಪರೀಕ್ಷಿಸಿ. ಒಂದು ಕಿ.ಮೀ. ವೇಗವೆಂದರೆ 4.74 ಕಿಲೊಹರ್ಟ್ಸ್. ಡಾಂಗಲ್‌ನ ಕಂಪನಾಂಕ ನಿರ್ಧರಿಸುವ ಅಗ್ಗದ ಹರಳು ಹತ್ತು ಲಕ್ಷದಲ್ಲಿ 50 ಪಾಲು ತಪ್ಪಿದರೆ 15 ಕಿ.ಮೀ. ದೋಷ, ಉಷ್ಣತೆಗೆ ಹೊಂದಿಕೊಳ್ಳುವ, ಒಂದೇ ಪಾಲು ತಪ್ಪುವ ಹರಳಿನಲ್ಲಿ ಅದು 0.3 ಕಿ.ಮೀ. ಮಾತ್ರ.

ಪ್ರ: ಆಂಟೆನಾ ಕಟ್ಟಲು ಆಗದವರು ಸಿದ್ಧ ದತ್ತಾಂಶದಿಂದ ನಕ್ಷೆ ಮಾಡಬಹುದೇ? ನಾನು ಮಾಡಿದಾಗ ಅನಿಲದ ಪ್ರಮಾಣ ಸಾವಿರ ಪಟ್ಟು ಹೆಚ್ಚು ಬಂತು.

ಉ: ಖಂಡಿತ. ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ಮತ್ತು ಆಸ್ಟ್ರೇಲಿಯಾದ ಪಾರ್ಕ್ಸ್‌ನ 64 ಮೀಟರ್ ದೂರದರ್ಶಕಗಳ ಸಮೀಕ್ಷೆಗಳನ್ನು ಸೇರಿಸಿ 2016ರಲ್ಲಿ ಪ್ರಕಟವಾದ ಎಚ್‌ಐ4ಪಿಐ ಇಡೀ ಆಕಾಶವನ್ನು 16.2 ಆರ್ಕ್‌ಮಿನಿಟ್ ಸೂಕ್ಷ್ಮತೆಯಲ್ಲಿ ಕೊಡುತ್ತದೆ. ಅದು ಚಂದ್ರನ ಅಗಲದ ಸುಮಾರು ಅರ್ಧ. ಫಿಟ್ಸ್ (ಖಗೋಳ ದತ್ತಾಂಶದ ರೂಢಿಯ ಮಾದರಿ) ಕಡತಗಳು ಉಚಿತ. ಪ್ರತಿ ಕಡತವೂ ಮೂರು ಅಕ್ಷಗಳ ಘನ: ಎರಡು ಆಕಾಶದ ದಿಕ್ಕು, ಮೂರನೆಯದು ವೇಗ.

ಒಂದು ದಿಕ್ಕಿನ ರೋಹಿತವನ್ನು ವೇಗದ ಉದ್ದಕ್ಕೂ ಕೂಡಿ, ಚಾನೆಲ್ ಅಗಲದಿಂದ ಗುಣಿಸಿ, 1.823 × 10¹⁸ರಿಂದ ಗುಣಿಸಿದರೆ ಚದರ ಸೆಂಟಿಮೀಟರಿಗೆ ಎಷ್ಟು ಪರಮಾಣು ಎಂಬುದು ಸಿಗುತ್ತದೆ. ಈ ಸಂಖ್ಯೆ ಸೆಕೆಂಡಿಗೆ ಕಿಲೊಮೀಟರ್ ಲೆಕ್ಕದ್ದು. ಕಡತದ ತಲೆಬರಹದಲ್ಲಿ ವೇಗ ಸೆಕೆಂಡಿಗೆ ಮೀಟರ್‌ನಲ್ಲಿರುವುದು ಸಾಮಾನ್ಯ. ನಿಮ್ಮ ಸಾವಿರ ಪಟ್ಟು ಬಂದದ್ದು ಅಲ್ಲಿಂದ. ಉತ್ತರ ಸರಿಯಿದೆಯೇ ಎಂದು ನೋಡಲು ಲಾಕ್‌ಮನ್ ಕಿಂಡಿಯನ್ನೇ ತೆಗೆಯಿರಿ: ಕೂಡಿದ ಮೊತ್ತ ಸುಮಾರು 25 ಕೆಲ್ವಿನ್-ಕಿ.ಮೀ./ಸೆ. ಬರಬೇಕು.

ನಡುಪಟ್ಟಿಯಲ್ಲಿ ಈ ಸೂತ್ರ ಕಡಿಮೆ ಹೇಳುತ್ತದೆ. ಅಲ್ಲಿ ಅನಿಲ ದಟ್ಟ. ಹಿಂದಿನ ಅನಿಲದ ಅಲೆಯನ್ನು ಮುಂದಿನದು ಹೀರಿಕೊಳ್ಳುತ್ತದೆ. ಅಲ್ಲಿ ಬಂದ ಅಂಕೆಯನ್ನು ‘ಕನಿಷ್ಠ ಇಷ್ಟು’ ಎಂದೇ ಓದಿ.

ಪ್ರ: ನನ್ನ ನಕ್ಷೆಯಿಂದ ಆಕಾಶಗಂಗೆ ತಿರುಗುವ ವೇಗ ತೆಗೆಯಬಹುದೇ?

ಉ: ಅದಕ್ಕೆ 15 ಡಿಗ್ರಿಯ ಬೀಮ್ ಕೂಡ ಸಾಕು. ಆಕಾಶಗಂಗೆಯ ಕೇಂದ್ರದಿಂದ ಅಳೆದ ರೇಖಾಂಶ 20ರಿಂದ 80 ಡಿಗ್ರಿಯೊಳಗೆ ನಡುಪಟ್ಟಿಯ ರೋಹಿತಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಅತಿ ಹೆಚ್ಚಿನ ಧನ ವೇಗವನ್ನು, ಅಂದರೆ ಗೆರೆ ಗದ್ದಲದಲ್ಲಿ ಮುಳುಗುವ ಅಂಚನ್ನು ಗುರುತಿಸಿ. ನಿಮ್ಮ ದೃಷ್ಟಿರೇಖೆ ಕೇಂದ್ರಕ್ಕೆ ಅತಿ ಹತ್ತಿರ ಹಾದುಹೋಗುವ ಬಿಂದುವಿನ ಅನಿಲ ಅದು. ಕೇಂದ್ರದಿಂದ ಅದರ ದೂರ 8.5 ಕಿಲೊಪಾರ್ಸೆಕ್ × ಸೈನ್ ರೇಖಾಂಶ (8.5 ಎಂಬುದು ಕೇಂದ್ರದಿಂದ ಸೂರ್ಯನ ದೂರಕ್ಕೆ ಹಿಡಿಯುವ ರೂಢಿಯ ಅಂಕೆ; ಒಂದು ಕಿಲೊಪಾರ್ಸೆಕ್ ಸುಮಾರು 3,260 ಜ್ಯೋತಿರ್ವರ್ಷ). ಅದರ ವೇಗ, ನೀವು ಗುರುತಿಸಿದ ವೇಗ + 220 × ಸೈನ್ ರೇಖಾಂಶ (220 ಎಂಬುದು ಕೇಂದ್ರದ ಸುತ್ತ ನಮ್ಮ ನೆರೆಯ ವೇಗಕ್ಕೆ ಹಿಡಿಯುವ ರೂಢಿಯ ಅಂಕೆ, ಸೆಕೆಂಡಿಗೆ ಕಿ.ಮೀ.ಗಳಲ್ಲಿ). 30 ಡಿಗ್ರಿಯಲ್ಲಿ ಅಂಚು 110 ಕಿ.ಮೀ. ಸಿಕ್ಕಿತೆನ್ನಿ: ದೂರ 4.25 ಕಿಲೊಪಾರ್ಸೆಕ್, ವೇಗ 220 ಕಿ.ಮೀ.

ಅಗಲ ಬೀಮ್ ಪಕ್ಕದ ರೇಖಾಂಶಗಳನ್ನೂ ಸೇರಿಸಿಕೊಳ್ಳುವುದರಿಂದ ಅಂಚು ಸ್ವಲ್ಪ ಹೊರಕ್ಕೆ ಸರಿಯುತ್ತದೆ. ಅನಿಲದ ಒಳಗಿನ ಕದಲಿಕೆಯೂ ಹಾಗೇ ಮಾಡುತ್ತದೆ. 90 ಡಿಗ್ರಿ ದಾಟಿದ ಮೇಲೆ ದೃಷ್ಟಿರೇಖೆಯಲ್ಲಿ ಅಂಥ ಬಿಂದುವೇ ಇರುವುದಿಲ್ಲ, ಈ ವಿಧಾನವನ್ನು ಅಲ್ಲಿಗೆ ನಿಲ್ಲಿಸಿ.